ಧುಕೇಗಡದ ಎರಡು ತಲೆಯ ಹಕ್ಕಿ

ಆ ಹಕ್ಕಿ ಮೊದಲ ಸಲ ಅಚ್ಚಿನಿಂದ ಹೊರಗೆ ಬಿದ್ದಾಗ ನಾನು ಎರಡನೇ ಮಷೀನಿನ ಎಡಗಡೆ, ನೀರಿನ ಪೈಪಿಗೂ ಪ್ಲಾಸ್ಟಿಕ್ ಕಾಳಿನ ಮೂಟೆಗೂ ನಡುವಿನ ಸಂದಿಯಲ್ಲಿ ನಿಂತಿದ್ದೆ. ಊರು ಡೊಂಬಿವಲಿ. ಜಾಗ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಆಟಿಕೆ ಕಾರ್ಖಾನೆ. ದಸರೆ ಕಳೆದಿತ್ತು, ದೀಪಾವಳಿ ಬಂದಿರಲಿಲ್ಲ. ಬೆಳಗಿನ ಚಹಾ ಬಂದಾಗಿತ್ತು. ಗ್ಲಾಸು ನನ್ನ ಎಡಗೈಯಲ್ಲಿತ್ತು, ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಚಹಾ ಉಳಿದಿತ್ತು. ಅರ್ಧಕ್ಕಿಂತ ಹೆಚ್ಚು ಎಂದು ಹೇಗೆ ಗೊತ್ತು ಎನ್ನುತ್ತೀರೋ, ಮರುಕ್ಷಣ ಅದಷ್ಟೂ ನನ್ನ ಪ್ಯಾಂಟಿನ ಮೇಲಿತ್ತು.

ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಕಳೆದ ಚಳಿಗಾಲದ ಒಂದು ಭಾನುವಾರ ನನ್ನ ಮಗಳು ಪ್ರತೀಕ್ಷಾ ನನ್ನನ್ನು ಐರೋಲಿಗೆ ಕರೆದುಕೊಂಡು ಹೋದಳು. ಅವಳ ಆಫೀಸಿರುವುದು ಅಲ್ಲಿಯೇ, ಖಾಡಿಯ, ಎಂದರೆ ಸಮುದ್ರದ ಹಿನ್ನೀರಿನ, ಪಕ್ಕದ ಗಾಜಿನ ಕಟ್ಟಡಗಳಲ್ಲೊಂದರಲ್ಲಿ. ಹತ್ತಿರದ ಹೌಸಿಂಗ್ ಸೊಸೈಟಿಯ ಸಭೆಯ ಹಾಲಿನಲ್ಲಿ ಹಳೆಯ ಆಟಿಕೆ ಕೂಡಿಡುವವರು ಒಂದು ಪ್ರದರ್ಶನ ಇಟ್ಟಿದ್ದಾರೆ, ಅದರಲ್ಲಿ ನಿಮ್ಮ ಧುಕೇಗಡದ ಗೊಂಬೆಗಳೂ ಬಂದಿವೆ, ಮನೆಯಲ್ಲಿರುವ ಹಕ್ಕಿಯನ್ನು ಜೇಬಿನಲ್ಲಿಟ್ಟುಕೊಂಡು ಬನ್ನಿ ಎಂದಳು. ಎಂದದ್ದು ಹಿಂದಿಯಲ್ಲಿ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಹೇಳುತ್ತಾಳೆ. ಅವಳು ಶಾಲೆಗೆ ಸೇರಿದಂದಿನಿಂದ ನಮ್ಮ ಮನೆಯ ಮಾತು ಹೀಗೆ ಎರಡು ಹಳಿಗಳ ಮೇಲೆ ಓಡುತ್ತ ಬಂದಿದೆ. ಎಲ್ಲೂ ಡಿಕ್ಕಿಯಾಗಿಲ್ಲ.

ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸಿ ಐರೋಲಿಯಲ್ಲಿ ಇಳಿಯುವವರೆಗೂ ನಾನು ಜೇಬಿನಿಂದ ಕೈ ತೆಗೆಯಲಿಲ್ಲ. ಒಳಗೆ ಕರವಸ್ತ್ರ, ಕರವಸ್ತ್ರದೊಳಗೆ ಹಕ್ಕಿ. ನನ್ನ ವಯಸ್ಸಿನವರ ಜೇಬಿನಲ್ಲಿ ಮಾತ್ರೆಗಳಿರುತ್ತವೆ.

ಹಾಲಿನ ನಡುವಿನ ಮೇಜಿನ ಮೇಲೆ ಒಂದು ಗಾಜಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಪುಟ್ಟ ಬಲ್ಬು. ಬಲ್ಬಿನ ಕೆಳಗೆ ನನ್ನ ಹಕ್ಕಿಯ ಜೊತೆಗಾರ, ನೀಲಿ ರೆಕ್ಕೆ, ಹಳದಿ ಕೊಕ್ಕು, ಎಡಕ್ಕೊಂದು ತಲೆ, ಬಲಕ್ಕೊಂದು ತಲೆ. ಅಷ್ಟು ಜನ ಅದರ ಸುತ್ತ ಮುಗಿಬಿದ್ದಿದ್ದರು. ಅನಿಕೇತ ಎಂಬ ಗಡ್ಡದ ತರುಣ ಅದರ ಮಾಲೀಕ. ಅವನು ಜನರಿಗೆ ವಿವರಿಸುತ್ತಿದ್ದ. ಇದು ಎರರ್ ಪೀಸ್. ಹಕ್ಕಿಗೆ ಇದ್ದದ್ದು ಒಂದೇ ತಲೆ. ಕಾದ ಪ್ಲಾಸ್ಟಿಕ್ಕು ಅಚ್ಚಿನಲ್ಲಿ ಹರಿಯಬಾರದ ಕಡೆ ಹರಿದು ಇನ್ನೊಂದು ತಲೆ ತಾನಾಗಿ ಮೂಡಿಬಿಟ್ಟಿತು. ಪೆಟ್ಟಿಗೆಯ ಮುಂದಿನ ಚೀಟಿಯಲ್ಲೂ ಅದನ್ನೇ ಬರೆದಿತ್ತು. ಕೊನೆಗೆ ಅವನು ಪ್ರೀತಿಯಿಂದ, ತನ್ನ ಮಗುವಿನ ತುಂಟತನ ಹೇಳುವವನಂತೆ ಹೇಳಿದ, "ಮಷೀನ್ ಕೀ ಗಲತೀ ಹೈ, ಲೇಕಿನ್ ಕಿತನೀ ಖೂಬಸೂರತ್ ಗಲತೀ ಹೈ." ಮಷೀನಿನದೇ ತಪ್ಪು, ಆದರೆ ಎಷ್ಟು ಚೆಂದದ ತಪ್ಪು ಎಂದು.

ಮಷೀನು ತಪ್ಪು ಮಾಡಿದರೆ ಏನಾಗುತ್ತದೆ ಎಂದು ನಾನು ಕಣ್ಣಾರೆ ಕಂಡವನು. ಕಿವಿ ಅರ್ಧ ಬರುತ್ತದೆ. ರೆಕ್ಕೆಯ ಅಂಚಿನಲ್ಲಿ ದೋಸೆಯ ಅಂಚಿನಂತೆ ತೆಳ್ಳಗೆ ಏನೋ ಚಾಚಿಕೊಳ್ಳುತ್ತದೆ. ಹೊಟ್ಟೆಯಲ್ಲಿ ಗುಳಿ ಬೀಳುತ್ತದೆ. ಹರಿಯಬಾರದ ಕಡೆ ಹರಿದ ಪ್ಲಾಸ್ಟಿಕ್ಕಿಗೆ ಗರಿ ಮೂಡುವುದಿಲ್ಲ, ಹುಬ್ಬಿನ ಕೆಳಗೆ ಕೋಪದ ಕಣ್ಣು ಮೂಡುವುದಿಲ್ಲ. ಆ ಎರಡನೇ ತಲೆಯನ್ನು ಒಬ್ಬ ಮನುಷ್ಯ ಉಕ್ಕಿನಲ್ಲಿ ಕೈಯಿಂದ ಕೊರೆದ. ಅವನ ಹೆಸರು ಸಿದ್ರಾಮಪ್ಪ. ಬಿಜಾಪುರದ ಕಡೆಯವನು. ಅವನೀಗ ಇಲ್ಲ. ನಾನು ಬಾಯಿಬಿಡದಿದ್ದರೆ ಆ ತಲೆ ಇನ್ನು ಮುಂದೆ ಎಂದೆಂದಿಗೂ ಮಷೀನಿನದೇ.

ಬಾಯಿಬಿಡುವ ಮೊದಲು ನಾನು ಯಾರೆಂದು ಹೇಳಬೇಕು. ಈ ಕಡೆ ಹೋಟೆಲಿಲ್ಲದ ಶೆಟ್ಟಿ ಎಂದರೆ ನಾನೊಬ್ಬನೇ ಇರಬೇಕು. ಉಡುಪಿಯಿಂದ ಬಂದವನು ಕಾರ್ಖಾನೆಯ ಪ್ಯಾಕಿಂಗ್ ವಿಭಾಗಕ್ಕೆ ಸೇರಿದೆ, ಅಲ್ಲಿಯೇ ಉಳಿದೆ. ಯಾರಿಗೆ ಹೆಸರು ಹೇಳಿದರೂ ಮೊದಲು ಕೇಳುವುದು, ಹೋಟೆಲು ಎಲ್ಲಿ? ಇಲ್ಲ ಎಂದರೆ ಅಯ್ಯೋ ಪಾಪ, ನಡೆಯಲಿಲ್ಲವೇ ಎಂದು ಸಮಾಧಾನ ಮಾಡುತ್ತಾರೆ. ಸಾಲದ್ದಕ್ಕೆ ನಮ್ಮ ಮಾಲೀಕರು ರಮಣೀಕ್ ಶೇಠ್. ಫೋನಿನಲ್ಲಿ ಶೇಠ್ ಬೇಕು ಎಂದವರಿಗೆ ಶೆಟ್ಟಿ ಸಿಗುತ್ತಿದ್ದ, ಶೆಟ್ಟಿ ಬೇಕು ಎಂದವರಿಗೆ ಶೇಠ್. ನನ್ನ ಮಾವ ಒಮ್ಮೆ ಊರಿಂದ ಫೋನು ಮಾಡಿ, ನಮ್ಮ ಮಗಳನ್ನು ಯಾವಾಗ ಕಳಿಸುತ್ತೀ ಎಂದು ಶೇಠರನ್ನು ಗದರಿಸಿದ್ದರು.

ಶೇಠರ ಕಾರ್ಖಾನೆಯಲ್ಲಿ ಮೊದಲು ಆಗುತ್ತಿದ್ದದ್ದು ಬಾಟಲಿಯ ಮುಚ್ಚಳ, ಬಕೆಟ್ಟಿನ ಹಿಡಿ. ಒಂದು ದಿನ ಅವರು ಎಲ್ಲಿಂದಲೋ ಒಂದು ಗೊಂಬೆ ತಂದು ಮೇಜಿನ ಮೇಲಿಟ್ಟರು. ಹಣೆಯಲ್ಲಿ ಕೋಡಿದ್ದ ಕುದುರೆ. ಇಂಥದು ನಾವೂ ಮಾಡುತ್ತೇವೆ ಎಂದರು. ಕಲ್ಯಾಣದ ಒಂದು ಶಾಲೆಯ ಡ್ರಾಯಿಂಗ್ ಮಾಸ್ತರರಾದ ಪಾಟಣಕರ್ ಸರ್ ಅವರನ್ನು ಹಿಡಿದು ತಂದರು. ಸರ್ ತೆಳ್ಳಗಿನ ಮನುಷ್ಯ, ಮಾತಾಡುವಾಗ ಗಾಳಿಯಲ್ಲಿ ಪೆನ್ಸಿಲು ಆಡಿಸುವವರು. ಅವರು ಒಂದು ಕೋಟೆಯನ್ನೇ ಕಲ್ಪಿಸಿದರು. ಅದು ಯಾವಾಗಲೂ ಮಂಜಿನಲ್ಲಿ ಮುಳುಗಿರುತ್ತದೆ. ಒಳಗೆ ಯಾರ್ಯಾರು ಇದ್ದಾರೆ ಎಂದು ಹೊರಗಿನವರಿಗೆ ತಿಳಿಯದು. ಮರಾಠಿಯಲ್ಲಿ ಮಂಜಿಗೆ ಧುಕೆ ಎನ್ನುತ್ತಾರೆ. ಹೆಸರು ಧುಕೇಗಡ ಎಂದಾಯಿತು. ರೆಕ್ಕೆಯ ಸಿಂಹ, ಮೂರು ಕಣ್ಣಿನ ಮಾಂತ್ರಿಕ, ಮೀನಬಾಲದ ರಾಣಿ, ಗಡ್ಡವನ್ನೇ ಹೊದ್ದು ಮಲಗುವ ಕುಳ್ಳ, ಎಲ್ಲರೂ ಬೆರಳುದ್ದ. ಒಳಗಿನದು ಕಾಣದ ಬೆಳ್ಳಿ ಬಣ್ಣದ ಪ್ಯಾಕೆಟ್ಟು, ಒಂದರಲ್ಲಿ ಒಂದು ಗೊಂಬೆ. ಯಾರು ಬರುತ್ತಾರೋ ಒಡೆದ ಮೇಲೆಯೇ ಗೊತ್ತು. ಮಂಜಿನ ಕೋಟೆಗೆ ತಕ್ಕ ಬಾಗಿಲು.

ಚಿಕ್ಕಂದಿನಲ್ಲಿ ನಾವು ಬೆಂಕಿಪೆಟ್ಟಿಗೆಯ ಚಿತ್ರ ಕೂಡಿಡುತ್ತಿದ್ದೆವು. ಬಸ್‌ಸ್ಟ್ಯಾಂಡಿನ ನೆಲದ ಮೇಲೆ ಕಣ್ಣಿಟ್ಟು ನಡೆದು ಎಷ್ಟೋ ಸಲ ಕಂಬಕ್ಕೆ ಹಣೆ ಜಜ್ಜಿಕೊಂಡಿದ್ದೇನೆ. ನನ್ನಲ್ಲಿಲ್ಲದ ಒಂದೇ ಒಂದು ಚಿತ್ರ ಪಕ್ಕದ ಮನೆಯವನಲ್ಲಿತ್ತು, ನಗುವ ಹುಲಿ. ಅದಕ್ಕಾಗಿ ಅವನ ಪಾಲಿನ ಮನೆಗೆಲಸವನ್ನು ಒಂದು ಮಳೆಗಾಲ ಪೂರ್ತಿ ಮಾಡಿಕೊಟ್ಟೆ. ಆದ್ದರಿಂದ ಧುಕೇಗಡದ ಮೊದಲ ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದಾಗಲೇ ನನಗೆ ಅನ್ನಿಸಿತ್ತು, ಇದು ನಡೆಯುತ್ತದೆ. ನಡೆಯಿತು ಕೂಡ, ನಿಧಾನವಾಗಿ. ಓಡತೊಡಗಿದ್ದು ಹಕ್ಕಿ ಬಂದ ಮೇಲೆ.

ಪಾಟಣಕರ್ ಸರ್ ಅವರಿಗೆ ಒಂದು ಅಭ್ಯಾಸವಿತ್ತು. ಯಾವುದು ಒಳ್ಳೆಯದು ಎಂದು ತೋಚದಿದ್ದರೆ ಎರಡನ್ನೂ ಬರೆದುಬಿಡುವರು. ಹಕ್ಕಿಯ ದೇಹ ಒಂದೇ, ಎರಡು ಗುಂಡುಕಲ್ಲುಗಳ ಮೇಲೆ ಕಾಲೂರಿ ನಿಂತಿದೆ. ಕುತ್ತಿಗೆಯ ಮೇಲೆ ಎಡಕ್ಕೆ ನೋಡುವ ತಲೆ ಒಂದು, ಬಲಕ್ಕೆ ನೋಡುವ ತಲೆ ಒಂದು. ಶೇಠರು ಯಾವುದಾದರೂ ಒಂದನ್ನು ಆರಿಸಲಿ ಎಂದು ಅದರ ಅರ್ಥ. ಶೇಠರು ಅವಸರದಲ್ಲಿ ಕೆಂಪು ಪೆನ್ನಿನಿಂದ ಎರಡು ತಲೆಗಳ ನಡುವೆ ಒಂದು ಓಕೆ ಬರೆದು ಹಾಳೆಯನ್ನು ಡೈ, ಎಂದರೆ ಉಕ್ಕಿನ ಅಚ್ಚು, ಕೊರೆಯುವ ಕೋಣೆಗೆ ಕಳಿಸಿದರು.

ಆ ಕೋಣೆಯಲ್ಲಿದ್ದವನೇ ಸಿದ್ರಾಮಪ್ಪ. ದಪ್ಪ ಮೀಸೆ, ಸಣ್ಣ ಬೆರಳು. ಕಲ್ಯಾಣ ಪೂರ್ವದಿಂದ ಬರುತ್ತಿದ್ದ. ಹಿಂದಿ ಅವನಿಗೆ ಅಷ್ಟಾಗಿ ಬಾರದು. ಶೇಠರ ಮತ್ತು ಅವನ ನಡುವಿನ ಮಾತೆಲ್ಲ ನನ್ನ ಮೂಲಕ ಹೋಗಬೇಕು. ನನ್ನ ಉಡುಪಿ ಕನ್ನಡ ಅವನಿಗೆ ಒಂದು ತಮಾಷೆ. ನಾನು 'ಉಂಟು' ಎಂದಾಗಲೆಲ್ಲ ಅವನು 'ಊಟಕ್ಕ ಕರದ್ರೇನ್ರೀ' ಎನ್ನುವನು. ಅವನ ಕೆಲಸ ಹೇಗೆಂದರೆ, ಹೊರಗೆ ಉಬ್ಬಾಗಿ ಬರಬೇಕಾದ್ದನ್ನು ಅವನು ಉಕ್ಕಿನೊಳಗೆ ತಗ್ಗಾಗಿ ಕೊರೆಯಬೇಕು. ಹೊರಗಿನ ಎಡ ಅವನಿಗೆ ಬಲ. ಎಣ್ಣೆ ಹಿಡಿದ ಆ ಕಪ್ಪು ಗುಳಿಯೊಳಗೆ ಇಣುಕಿದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ. ಅವನು ಮಾತ್ರ ತನ್ನ ಡಬ್ಬಿಯಿಂದ ಚಪಾತಿ ಹಿಟ್ಟಿನ ಉಂಡೆ ತೆಗೆದು ಗುಳಿಗೆ ಒತ್ತಿ, ಎತ್ತಿ, ಬೆಳಕಿಗೆ ಹಿಡಿದು ನೋಡುವನು. ಅದಕ್ಕೆಂದೇ ಮನೆಯಿಂದ ಹಿಟ್ಟು ಕಲಸಿಕೊಂಡು ಬರುತ್ತಿದ್ದ. ಯಾರಾದರೂ ಬಂದರೆ ಉಂಡೆಯನ್ನು ಮುದ್ದೆ ಮಾಡಿಬಿಡುವನು.

ಹಕ್ಕಿಯ ಡೈ ಕೊರೆಯುತ್ತಿದ್ದಾಗ ಒಂದು ದಿನ ಅವನು ತಲೆಯೆತ್ತದೆ ಕೇಳಿದ, "ಶೆಟ್ರ, ಸೊಂಡಿ ಎಡಕ್ಕ ಹೊಳ್ಳಿದ್ರ ಚೊಲೋನೋ, ಬಲಕ್ಕೋ?"

ಸೊಂಡಿಲು ಎಂದರೆ ಗಣಪತಿ ಎಂದೇ ನಾನು ತಿಳಿದೆ. ಡೊಂಬಿವಲಿಯಲ್ಲಿ ಬೇರೆ ಏನು ತಿಳಿಯಲಿ? ಇಲ್ಲಿ ಆ ಪ್ರಶ್ನೆ ಎಲ್ಲರ ಮನೆಯದು. ಎಡಕ್ಕೆ ತಿರುಗಿದ ಸೊಂಡಿಲಿನವನು ಶಾಂತ, ಮನೆಗೆ ತರಬಹುದು, ಬಲಕ್ಕೆ ತಿರುಗಿದವನಿಗೆ ಮಡಿ ಹೆಚ್ಚು, ನಮ್ಮಿಂದಾಗದು ಎಂದು ನಾನು ದೀರ್ಘವಾಗಿ ಉಪದೇಶ ಕೊಟ್ಟೆ. ಸಿದ್ರಾಮಪ್ಪ ಎಲ್ಲ ಕೇಳಿ, "ಹಂಗಾರ ಎರಡೂ ಇರ್ಲಿ ಬಿಡ್ರಿ, ಜಗಳ ಬ್ಯಾಡ" ಎಂದ. ಮನೆಗೆ ಎರಡು ಗಣಪತಿ ತರುವವನಿದ್ದಾನೆ ಎಂದುಕೊಂಡು ನಾನು ಹೊರಟೆ.

ಈಗ ಮತ್ತೆ ಎರಡನೇ ಮಷೀನಿನ ಎಡಗಡೆಗೆ ಬನ್ನಿ. ಮಷೀನು ಬಾಯಿ ತೆರೆಯಿತು. ಬಿಸಿ ಹಕ್ಕಿ ಟಪ್ಪೆಂದು ತಟ್ಟೆಗೆ ಬಿತ್ತು. ಬಣ್ಣವಿಲ್ಲದ, ಹಾಲಿನಂಥ ಬಿಳಿ ಹಕ್ಕಿ. ಎರಡು ತಲೆ. ನನ್ನ ಕೈ ಅಲುಗಿ ಚಹಾ ಚೆಲ್ಲಿತು. ಗೊಂಬೆಗಳಿಗೆ ಬಣ್ಣ ಹಚ್ಚುವ ಹೆಂಗಸರಲ್ಲಿ ಮುಖ್ಯಳಾದ, ಕಲಬುರಗಿಯಿಂದ ಬಂದು ಕಲ್ಯಾಣ ಪೂರ್ವದಲ್ಲಿದ್ದ ಮಹಾದೇವಿ ಅದನ್ನು ಸೆರಗಿನಲ್ಲಿ ಹಿಡಿದೆತ್ತಿ, ಮುಖದ ಹತ್ತಿರ ತಂದು ನೋಡಿ, ಒಬ್ಬಳೇ ನಕ್ಕಳು. ಶೇಠರು ನಗಲಿಲ್ಲ. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ದೀಪಾವಳಿಯ ಮಾಲು, ಇರುವುದು ಒಂದೇ ಡೈ, ಅದರಲ್ಲಿ ಒಂದು ತಲೆ ಹೆಚ್ಚು. ಇವನನ್ನು ಕೇಳು ಎಂದು ನನಗೆ ಹೇಳಿದರು.

ಸಿದ್ರಾಮಪ್ಪ ಶಾಂತವಾಗಿದ್ದ. "ಕಾಗದದಾಗ ಎರಡು ತಲಿ ಅದಾವ್ರಿ. ಸಾಹೇಬ್ರು ನಡುವ ಓಕೆ ಬರದಾರ. ನಾ ಎರಡೂ ಕೊರದೀನಿ."

ಯಾವ ಹಕ್ಕಿಗಾದರೂ ಎರಡು ತಲೆ ಇರುತ್ತವೆಯೇ ಎಂದು ಶೇಠರು ಕೇಳಿದ್ದನ್ನು ನಾನು ದಾಟಿಸಿದೆ. ಹಸುವಿಗೆ ಕೊಂಬಿರುತ್ತದೆಯೇ ಎಂದು ಕೇಳಿದವನನ್ನು ನೋಡುವಂತೆ ಅವನು ನನ್ನನ್ನು ನೋಡಿದ. "ಗಂಡಭೇರುಂಡಕ್ಕ ಮತ್ತೆಷ್ಟು ಇರ್ತಾವ್ರಿ? ಊರಿಗೆ ಹೋಗೂ ಬಸ್ಸಿನ ಮ್ಯಾಲ ಐತಿ. ನಮ್ಮೂರ ಗುಡಿ ಕಂಬದ ಮ್ಯಾಲ ಐತಿ. ನಿಮ್ಮ ಉಡುಪಿ ಬಸ್ಸಿನ ಮ್ಯಾಲ ಇಲ್ಲೇನು?"

ಇದ್ದೇ ಇತ್ತು. ವರ್ಷವರ್ಷವೂ ಅದೇ ಹಕ್ಕಿಯ ಬಸ್ಸಿನಲ್ಲಿ ಊರಿಗೆ ಹೋದವನು ನಾನು. ಆ ಹಾಳೆ ಮೊದಲು ನನ್ನ ಕೈಗೆ ಬಂದಿದ್ದರೆ ನಾನೂ ಗಂಡಭೇರುಂಡವೆಂದೇ ಓದುತ್ತಿದ್ದೆ. ಕನ್ನಡದವನಿಗೆ ಆ ಚಿತ್ರದಲ್ಲಿ ಆರಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಇದನ್ನೆಲ್ಲ ಹಿಂದಿಯಲ್ಲಿ ಹೇಗೆ ಹೇಳುವುದು? ಶೇಠಜೀ, ಯೇ ಗಂಡಭೇರುಂಡ ಹೈ ಎಂದೆ. "ಗಂದಾ? ಗಂದಾ ತೋ ಮೈಂ ಭೀ ದೇಖ್ ರಹಾ ಹೂಂ", ಗಲೀಜು ನನಗೂ ಕಾಣುತ್ತಿದೆ, ಎಂದು ಶೇಠರು ಆ ಬಿಳಿ ಹಕ್ಕಿಯನ್ನು ಪುಡಿ ಮಾಡುವ ಬುಟ್ಟಿಗೆ ಎಸೆದರು. ಸಂಜೆಗೆ ಇವನನ್ನು ಕೆಲಸದಿಂದ ಬಿಡಿಸಿ ಕಳಿಸು ಎಂದು ನನಗೆ ಹೇಳಿ, ಪಾಟಣಕರ್ ಸರ್ ಅವರಿಗೆ ಫೋನು ಮಾಡಿಸಿದರು. ಶೇಠರ ಬೆನ್ನು ತಿರುಗಿದಾಗ ನಾನು ಬುಟ್ಟಿಯಿಂದ ಹಕ್ಕಿಯನ್ನು ಎತ್ತಿ ಜೇಬಿಗಿಳಿಸಿದೆ. ಒದ್ದೆ ಪ್ಯಾಂಟಿನ ಮೂಲಕ ಅದರ ಬಿಸಿ ತೊಡೆಗೆ ತಾಗಿತು.

ಸರ್ ಶಾಲೆ ಮುಗಿಸಿ, ಕಲ್ಯಾಣದಿಂದ ಬಸ್ಸಿನಲ್ಲಿ ಬರುವವರೆಗೆ ಸಿದ್ರಾಮಪ್ಪ ತನ್ನ ಉಳಿಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಅವನ ಮನೆಯಲ್ಲಿ ಉಣ್ಣುವ ಬಾಯಿಗಳು ಬಹಳ. ನಾನು ಸಮಾಧಾನ ಹೇಳಲು ಹೋದರೆ, ತಲೆ ಹೆಚ್ಚಾದರೆ ಜನ ಇಷ್ಟು ಸಿಟ್ಟಾಗುತ್ತಾರೆಂದು ಗೊತ್ತಿರಲಿಲ್ಲ, ಕಡಿಮೆ ಇದ್ದವರನ್ನು ಚೆನ್ನಾಗಿಯೇ ಇಟ್ಟುಕೊಂಡಿದ್ದಾರಲ್ಲ ಎಂದು ನನ್ನನ್ನೇ ನೋಡಿ ನಕ್ಕ.

ಸರ್ ಬಂದರು. ಎರಡನೇ ಮಷೀನಿನ ಮುಂದೆ ನಿಂತು ಇನ್ನೊಂದು ಹಕ್ಕಿಯನ್ನು ಅಂಗೈ ಮೇಲಿಟ್ಟುಕೊಂಡರು. ಕನ್ನಡಕವನ್ನು ಹಣೆಗೆ ಏರಿಸಿದರು. ಎಡ ತಲೆಯನ್ನು ನೋಡಿದರು, ಬಲ ತಲೆಯನ್ನು ನೋಡಿದರು. ಮಷೀನು ನಿಂತಿತ್ತು. ಶೇಠರು, ಸಿದ್ರಾಮಪ್ಪ, ಮಹಾದೇವಿ, ನಾನು, ಎಲ್ಲರೂ ಅವರ ಸುತ್ತ ನಿಂತೆವು. ಆಮೇಲೆ ಸರ್ ಮೆಲ್ಲಗೆ ಹೇಳಿದರು, "ಶೇಠ್, ಹೇ ಚುಕಲೇಲಂ ನಾಹೀ. ಹೇ ಸುಚಲೇಲಂ ಆಹೇ."

ತಪ್ಪಿದ್ದಲ್ಲ ಇದು, ಹೊಳೆದದ್ದು. ಈ ಎರಡು ಮರಾಠಿ ಪದಗಳಿಗೆ ಇರುವುದು ಎರಡೇ ಅಕ್ಷರದ ವ್ಯತ್ಯಾಸ. ಆ ಎರಡಕ್ಷರದ ಮೇಲೆ ಸಿದ್ರಾಮಪ್ಪನ ಕೆಲಸ ಉಳಿಯಿತು. ಶೇಠರು ಗೊಣಗಿಕೊಂಡೇ ಒಪ್ಪಿದರು. ದೀಪಾವಳಿಯ ಪ್ಯಾಕೆಟ್ಟುಗಳಲ್ಲಿ ಅಲ್ಲೊಂದು ಇಲ್ಲೊಂದು ಎರಡು ತಲೆಯ ಹಕ್ಕಿ ಸೇರಿತು. ರೆಕ್ಕೆಗೆ ನೀಲಿ, ಕೊಕ್ಕಿಗೆ ಹಳದಿ, ಕಾಲ ಕೆಳಗಿನ ಕಲ್ಲಿಗೆ ಬೂದು ಬಣ್ಣ.

ಆಮೇಲಿನದನ್ನು ನೀವು ನೋಡಬೇಕಿತ್ತು. ದೀಪಾವಳಿ ರಜೆ ಮುಗಿದು ಶಾಲೆ ತೆರೆದದ್ದೇ ತಡ, ಡೊಂಬಿವಲಿಯ ಸ್ಟೇಷನರಿ ಅಂಗಡಿಗಳ ಮುಂದೆ ಮಕ್ಕಳು ಜೇನುಹುಳದಂತೆ ಮುತ್ತಿಕೊಂಡರು. ಮರಾಠಿ ಮಕ್ಕಳು ಅದಕ್ಕೆ ದೋನ್‌ಡೋಕ್ಯಾ ಎಂದು ಹೆಸರಿಟ್ಟರು, ಎರಡು ತಲೆಯವನು ಎಂದು. ಪ್ಯಾಕೆಟ್ಟನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದಾಗ ಒಂದು ಚುಚ್ಚು ತಾಗಿದರೆ ಅದು ಕುದುರೆಯ ಕೋಡು, ಎರಡು ಚುಚ್ಚು ತಾಗಿದರೆ ಹಕ್ಕಿಯ ಕೊಕ್ಕುಗಳು. ಈ ವಿದ್ಯೆ ಮಕ್ಕಳಿಗೆ ಯಾರು ಕಲಿಸಿದರೋ ಕಾಣೆ. ಅಂಗಡಿಯವರು ಒತ್ತಿ ನೋಡಬಾರದು ಎಂದು ಬೋರ್ಡು ಹಾಕಿದರು. ಹಾಕಿದವರೇ ಬಾಗಿಲು ಮುಚ್ಚಿದ ಮೇಲೆ ಒತ್ತಿ ನೋಡುತ್ತಿದ್ದರು.

ದೊಡ್ಡವರೂ ಕೆಟ್ಟರು. ಬೆಳಗಿನ ಫಾಸ್ಟ್ ಲೋಕಲ್ ರೈಲಿನಲ್ಲಿ, ಕಾಲೂರಲು ಜಾಗವಿಲ್ಲದ ಕಡೆ, ಗಂಡಸರು ತಲೆಯ ಮೇಲೆ ಕೈಯೆತ್ತಿ ಗೊಂಬೆ ಬದಲಾಯಿಸಿಕೊಳ್ಳುವುದನ್ನು ನಾನು ಕಂಡಿದ್ದೇನೆ. ದಿವಾ ಸ್ಟೇಷನ್ನು ಬರುವಷ್ಟರಲ್ಲಿ ಒಬ್ಬನ ಮಾಂತ್ರಿಕ ಮೂರು ಕೈ ದಾಟಿ ಸಿಂಹವಾಗಿ ಮರಳುತ್ತಿದ್ದ. ನಮ್ಮ ರೈಲುಡಬ್ಬಿಯ ಭಜನಾ ಮಂಡಳಿಯವರು ಕಿಟಕಿಯ ಸರಳಿಗೆ ಹಕ್ಕಿಯನ್ನು ದಾರದಿಂದ ಕಟ್ಟಿ ಹಾರ ಹಾಕಿದರು. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಯಾರೋ ವೇದಿಕೆಯ ಮೇಲೆ ಬಾವುಟದ ಪಕ್ಕ ನಮ್ಮ ಹಕ್ಕಿಯನ್ನು ಇಟ್ಟಿದ್ದರು. ಬೆರಳುದ್ದದ ಹಕ್ಕಿಯನ್ನು ನೋಡಲು ಹಿಂದಿನ ಸಾಲಿನವರೆಲ್ಲ ಎದ್ದು ಬಂದು, ಅಧ್ಯಕ್ಷರ ಭಾಷಣಕ್ಕೆ ಕೇಳುಗರೇ ಉಳಿಯಲಿಲ್ಲ. ನಾನು ಮೂರನೇ ಸಾಲಿನಲ್ಲಿ ಕುಳಿತು, ಅದನ್ನು ಪ್ಯಾಕ್ ಮಾಡುವವನು ನಾನು ಎಂದು ಪಕ್ಕದವರಿಗೆ ಹೇಳಿದೆ. ಅವರು ನಂಬಲಿಲ್ಲ. ಶೆಟ್ಟಿ ಎಂದಿರಲ್ಲ, ಹೋಟೆಲು ಎಲ್ಲಿ ಎಂದರು.

ಆಗ ಪುಟ್ಟವಳಾಗಿದ್ದ ಪ್ರತೀಕ್ಷಾ ನನ್ನ ಬಿಳಿ ಹಕ್ಕಿಯನ್ನು ಸ್ನಾನಕ್ಕೂ ಒಯ್ಯುತ್ತಿದ್ದಳು. ಎಡ ತಲೆಗೂ ಬಲ ತಲೆಗೂ ಅವಳು ಜಗಳ ಹಚ್ಚುವಳು. ಬಲದ್ದು ಶಾಲೆಗೆ ಹೋಗೋಣ ಎನ್ನುವುದು, ಎಡದ್ದು ಹೊಟ್ಟೆನೋವು ಎನ್ನುವುದು. ಪ್ರತಿ ಸಲವೂ ಎಡದ್ದೇ ಗೆಲ್ಲುತ್ತಿತ್ತು.

ಎಷ್ಟು ಜೋರಾಗಿ ಏರಿತೋ ಅಷ್ಟೇ ಜೋರಾಗಿ ಇಳಿಯಿತು. ಇಳಿದದ್ದು ಹೀಗೆ. ಶೇಠರಿಗೆ ಎರಡು ತಲೆಯ ರುಚಿ ಹತ್ತಿತು. ಕುದುರೆಗೂ ಎರಡು ತಲೆ, ಸಿಂಹಕ್ಕೂ ಎರಡು ತಲೆ, ಮೀನಬಾಲದ ರಾಣಿಗೂ ಎರಡು ತಲೆ ಇಡಿ ಎಂದರು. ಪಾಟಣಕರ್ ಸರ್ ಪೆನ್ಸಿಲು ಕೆಳಗಿಟ್ಟು, ನಮಸ್ಕಾರ ಮಾಡಿ ಎದ್ದು ಹೋದರು. ಸಿದ್ರಾಮಪ್ಪ ಏಳುವಂತಿರಲಿಲ್ಲ. "ಕುದುರಿಗೆ ಎರಡು ತಲಿ ಇಟ್ರ ಅದು ಯಾ ಕಡಿ ಓಡಬೇಕ್ರಿ, ಶೆಟ್ರ? ಕೇಳ್ರಿ ಒಂದೀಟು" ಎಂದ. ಕೇಳಿದೆ. ಓಡುವುದು ಮಾರುಕಟ್ಟೆಯಲ್ಲಿ ಎಂದು ಶೇಠರು ಹೇಳಿದರು. ಅವನು ಕೊರೆದುಕೊಟ್ಟ. ಈಗ ಮಕ್ಕಳು ಯಾವ ಪ್ಯಾಕೆಟ್ಟನ್ನು ಒತ್ತಿದರೂ ಎರಡೆರಡು ಚುಚ್ಚು. ಒತ್ತುವುದರ ಮಜವೇ ಹೋಯಿತು. ಎಲ್ಲರಿಗೂ ಎರಡು ತಲೆ ಇರುವ ಕೋಟೆಯಲ್ಲಿ ಹಕ್ಕಿಯನ್ನು ಯಾರು ಕೇಳುತ್ತಾರೆ? ಅಷ್ಟರಲ್ಲಿ ಮಕ್ಕಳ ಬೆರಳಿಗೆ ಮೊಬೈಲಿನ ಆಟಗಳು ಸಿಕ್ಕವು. ಅಂಗಡಿಯ ಬಾಗಿಲಲ್ಲಿ ತೂಗುತ್ತಿದ್ದ ಬೆಳ್ಳಿ ಪ್ಯಾಕೆಟ್ಟುಗಳು ಬಿಸಿಲಿಗೆ ಬಣ್ಣ ಕಳೆದುಕೊಂಡವು. ಎರಡನೇ ಮಷೀನು ಮತ್ತೆ ಬಾಟಲಿಯ ಮುಚ್ಚಳಕ್ಕೆ ಮರಳಿತು. ಕೆಲವು ವರ್ಷಗಳಲ್ಲಿ ಕಾರ್ಖಾ‌ನೆಯೂ ಮುಚ್ಚಿತು.

ಡೈಗಳನ್ನು ಶಿಳಫಾಟ್ಯದ ಗುಜರಿಗೆ ಒಯ್ಯುವ ಟೆಂಪೊ ಬಂದ ದಿನ ನಾನೂ ಸಿದ್ರಾಮಪ್ಪನೂ ಗೇಟಿನಲ್ಲಿ ನಿಂತಿದ್ದೆವು. ಧುಕೇಗಡವೆಲ್ಲ ಕರಿಯ ಇಟ್ಟಿಗೆಗಳ ಹಾಗೆ ಟೆಂಪೊ ಏರಿತು. ಹಕ್ಕಿಯ ಡೈ ಎತ್ತುವಾಗ ನಾನು ಮುಖ ತಿರುಗಿಸಿದೆ. ಅವನು ತಿರುಗಿಸಲಿಲ್ಲ. "ಇರ್ಲಿ ಬಿಡ್ರಿ. ಒಳಗಿಂದು ಯಾರೂ ನೋಡೂದಿಲ್ಲ. ಹೊರಗ ಬರೂದು ಬಂತಲ್ಲ" ಎಂದ. ಅದೇ ನಾವು ಜೊತೆಯಾಗಿ ನಿಂತದ್ದು ಕೊನೆ. ಕೆಲವು ವರ್ಷಗಳ ಮೇಲೆ ಅವನು ತೀರಿಕೊಂಡ ಸುದ್ದಿಯನ್ನು ಮಹಾದೇವಿ ಹೇಳಿದಳು.

ಐರೋಲಿಯ ಹಾಲಿನಲ್ಲಿ ಇದರಲ್ಲಿ ಕಾಲುಭಾಗವನ್ನು ಹೇಳಿದೆನೋ ಏನೋ. ನನ್ನ ಹಿಂದಿ ಉದ್ವೇಗ ಬಂದಾಗ ಉಡುಪಿಯ ಕಡೆ ಓಡುತ್ತದೆ. ಎರಡನೇ ತಲೆ ಮಷೀನಿನದಲ್ಲ, ಅದನ್ನು ಕೊರೆದವನು ನನ್ನ ಗೆಳೆಯ, ನಾನು ಅಲ್ಲಿಯೇ ಇದ್ದೆ ಎಂದೆ. ಜನ ಹೊರಳಿ ನೋಡಿದರು. ಅನಿಕೇತ ಒಳ್ಳೆಯ ಹುಡುಗ, ನನಗೆ ಕುರ್ಚಿ ತಂದು ಹಾಕಿದ. ಆದರೆ ಅವನ ಮುಖ ಸಪ್ಪಗಾಗಿತ್ತು. ಚಿಕ್ಕಂದಿನಿಂದ ಅವನು ಎಲ್ಲರಿಗೂ ಹೇಳುತ್ತ ಬಂದದ್ದು ಮಷೀನಿನ ಕತೆಯನ್ನೇ. "ಅಂಕಲ್, ಎರರ್ ನಹೀಂ ಹೈ ತೋ ಪ್ರೂಫ್ ಕ್ಯಾ ಹೈ?" ಎಂದು ಮೆತ್ತಗೆ ಕೇಳಿದ.

ಪ್ರೂಫ್ ನನ್ನಲ್ಲೇನಿತ್ತು? ಕರವಸ್ತ್ರ ಬಿಚ್ಚಿ ಬಿಳಿ ಹಕ್ಕಿಯನ್ನು ಮೇಜಿನ ಮೇಲಿಟ್ಟೆ. ಬಣ್ಣವಿಲ್ಲದ ದೋನ್‌ಡೋಕ್ಯಾನನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಎಲ್ಲರೂ ಫೋನು ತೆಗೆದರು. ಅನಿಕೇತ ತನ್ನ ನೀಲಿ ಹಕ್ಕಿಯನ್ನು ಪೆಟ್ಟಿಗೆಯಿಂದ ಹೊರತೆಗೆದು ಇದರ ಪಕ್ಕಕ್ಕಿಟ್ಟು ನೋಡಿದ. ಎರಡೂ ಒಂದೇ ಅಚ್ಚು. ಅದರಿಂದ ಏನೂ ಸಾಬೀತಾಗುವುದಿಲ್ಲ, ತಪ್ಪು ಡೈಯಲ್ಲೇ ಇದ್ದರೆ ಎಲ್ಲ ಹಕ್ಕಿಗಳೂ ಹೀಗೆಯೇ ಬರುತ್ತವೆ ಎಂದ. ಅವನು ಹೇಳಿದ್ದು ಸರಿಯಾಗಿತ್ತು.

ಪ್ರತೀಕ್ಷಾ ಮಾತ್ರ ಬಿಳಿ ಹಕ್ಕಿಯ ಕಾಲ ಹತ್ತಿರ ಫೋನು ಹಿಡಿದು ಬಾಗಿಯೇ ಇದ್ದಳು. ಪರದೆಯ ಮೇಲೆ ಎರಡು ಬೆರಳಿಟ್ಟು ಚಿತ್ರವನ್ನು ದೊಡ್ಡದು ಮಾಡಿದಳು, ಮತ್ತೂ ದೊಡ್ಡದು ಮಾಡಿದಳು. ಆಮೇಲೆ ತಲೆಯೆತ್ತಿ ನನ್ನನ್ನು ಕರೆದಳು.

"ಪಪ್ಪಾ, ಈ ಕಲ್ಲಿಗೆ ಕಣ್ಣು ಉಂಟು."

ಅವಳು ಕನ್ನಡದಲ್ಲಿ ಹೇಳಿದಳೆಂಬುದು ನನಗೆ ಹೊಳೆದದ್ದೂ ಆಮೇಲೆಯೇ. ನಾನು ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದೆ. ಹುಣಸೆ ಬೀಜದಷ್ಟು ದೊಡ್ಡ ಗುಂಡುಕಲ್ಲು. ಅದಕ್ಕೆ ಸಾಸಿವೆಗಿಂತ ಸಣ್ಣ ಕಣ್ಣು. ಕಣ್ಣಿನ ಹಿಂದೆ ಮಡಿಸಿದ ಎಲೆಯಂಥ ಕಿವಿ. ಕಣ್ಣಿನ ಮುಂದೆ ಸುರುಳಿ ಸುತ್ತಿದ ಸೊಂಡಿಲು. ಹಕ್ಕಿ ಕಲ್ಲಿನ ಮೇಲೆ ಕಾಲೂರಿರಲಿಲ್ಲ. ಒಂದೊಂದು ಕಾಲಿನಲ್ಲಿ ಒಂದೊಂದು ಆನೆಯನ್ನು ಅಮುಕಿ ಹಿಡಿದಿತ್ತು, ಗುಡಿಯ ಕಂಬಗಳ ಮೇಲಿನ ಗಂಡಭೇರುಂಡ ಹಿಡಿಯುತ್ತದಲ್ಲ, ಹಾಗೆ. ಒಂದರ ಸೊಂಡಿಲು ಎಡಕ್ಕೆ ತಿರುಗಿತ್ತು. ಇನ್ನೊಂದರದ್ದು ಬಲಕ್ಕೆ.

ಹಂಗಾರ ಎರಡೂ ಇರ್ಲಿ ಬಿಡ್ರಿ.

ನಾನು ಕುರ್ಚಿಯ ಮೇಲೆ ಕೂತುಬಿಟ್ಟೆ. ಸಾವಿರಾರು ಹಕ್ಕಿಗಳನ್ನು ಈ ಕೈಗಳಿಂದ ಪ್ಯಾಕೆಟ್ಟಿಗೆ ಹಾಕಿದ್ದೇನೆ. ಒಂದನ್ನು ಇಷ್ಟು ವರ್ಷ ಶೋಕೇಸಿನಲ್ಲಿಟ್ಟು ದಸರೆಗೊಮ್ಮೆ ಒರೆಸಿದ್ದೇನೆ. ನನ್ನನ್ನು ಕೇಳಿಯೇ ಕೊರೆದ ಸೊಂಡಿಲುಗಳವು. ನಾನು ಅವನಿಗೆ ಗಣಪತಿಯ ಮಡಿ ಮೈಲಿಗೆ ಪಾಠ ಮಾಡಿ ಬಂದಿದ್ದೆ. ನಗು ಬಂತು, ಕಣ್ಣು ಮಂಜಾಯಿತು, ಎರಡೂ ಒಟ್ಟಿಗೆ. ಈ ತಲೆ ಒಂದೇ ಆದರೂ ಆ ಹೊತ್ತಿಗೆ ಎರಡರ ಕೆಲಸ ಮಾಡಿತು.

ಅಲ್ಲಿಂದಲೇ ಮಹಾದೇವಿಗೆ ಫೋನು ಮಾಡಿದೆ. ಕಲ್ಲಲ್ಲ ಅವು, ಆನೆಗಳು ಎಂದು ಕೂಗಿದೆ. ಆ ಕಡೆಯಿಂದ ಏನೂ ಆಶ್ಚರ್ಯ ಕೇಳಿಸಲಿಲ್ಲ.

"ಆನೀನ ಅಲ್ರೀ ಮತ್ತ. ಅವತ್ತ ಬಿಸಿ ಬಿಸಿ ಕೈಯಾಗ ಹಿಡದಾಗನ ನೋಡೀನಿ. ಅದಕ್ಕ ನಕ್ಕಿದ್ದೆ."

ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ಆನೀನೂ ತಗಸ್ತಿದ್ರು. ಕಲ್ಲಿಗೆ ಬೂದಿ ಬಣ್ಣ ಹಚ್ಚು ಅಂದ್ರಿ, ಹಚ್ಚಿದೆ. ಆನೀ ಬಣ್ಣಾನೂ ಅದ ಅಲ್ಲೇನ್ರೀ ಅಣ್ಣಾ?"

ನಾನು ಇದನ್ನು ಹಿಂದಿಗೆ ದಾಟಿಸಿದೆ. ಬಹಳ ವರ್ಷಗಳ ಮೇಲೆ ಮತ್ತೆ ನನ್ನ ಹಳೆಯ ಕೆಲಸ. ಹಾಲಿನಲ್ಲಿ ಗದ್ದಲವೋ ಗದ್ದಲ. ತಮ್ಮ ತಮ್ಮ ಹಕ್ಕಿ ತಂದಿದ್ದವರೆಲ್ಲ ಅವನ್ನು ತಲೆಕೆಳಗು ಮಾಡಿ, ಬೂದು ಬಣ್ಣದ ಕೆಳಗೆ ಉಗುರಾಡಿಸಿ ಸೊಂಡಿಲು ಹುಡುಕತೊಡಗಿದರು. ಯಾರಿಗೋ ಸಿಕ್ಕಿತು, ಅವರು ಪಕ್ಕದವರ ಬೆನ್ನಿಗೆ ಗುದ್ದಿದರು. ಅನಿಕೇತ ತನ್ನ ಹಕ್ಕಿಯನ್ನು ಕಿಟಕಿಯ ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿದ. ಮರಳಿ ಬಂದಾಗ ಅವನ ಮುಖದಲ್ಲಿ ಸಪ್ಪೆತನ ಇರಲಿಲ್ಲ. ಪೆಟ್ಟಿಗೆಯ ಮುಂದಿನ ಚೀಟಿಯನ್ನು ತೆಗೆದು ಅದರ ಬೆನ್ನಿಗೆ ಬರೆಯಲು ಕುಳಿತ. ಎರರ್ ಅಲ್ಲದಿದ್ದರೆ ಏನೆಂದು ಬರೆಯಲಿ ಎಂದು ಕೇಳಿದ. ಪಾಟಣಕರ್ ಸರ್ ಹೇಳಿದ್ದ ಮಾತನ್ನು ಹೇಳಿದೆ. ಅವನು ಮರಾಠಿಯವನು, ಬಿಡಿಸಿ ಹೇಳಬೇಕಾಗಲಿಲ್ಲ. ಒಮ್ಮೆ ತುಟಿಯಲ್ಲೇ ಅಂದು ನೋಡಿ, ನಕ್ಕು, ಬರೆದುಕೊಂಡ. ಅದರ ಕೆಳಗೆ ಸಿದ್ರಾಮಪ್ಪನ ಹೆಸರನ್ನು ಪ್ರತೀಕ್ಷಾ ಬಿಡಿಬಿಡಿಯಾಗಿ ಹೇಳಿ ಬರೆಸಿದಳು.

ಇನ್ನು ಸಾಕ್ಷಿಗಳ ವಿಷಯ. ಆ ದಿನ ಎರಡನೇ ಮಷೀನಿನ ಮುಂದೆ ನಿಂತು ಆ ಹಕ್ಕಿಯನ್ನು ನೋಡಿದವರಲ್ಲಿ ರಮಣೀಕ್ ಶೇಠ್ ಇಲ್ಲ, ಪಾಟಣಕರ್ ಸರ್ ಇಲ್ಲ, ಸಿದ್ರಾಮಪ್ಪ ಇಲ್ಲ. ಇರುವವರು ಇಬ್ಬರು. ಒಬ್ಬಳು ಕಲ್ಯಾಣ ಪೂರ್ವದ ಮಹಾದೇವಿ, ಆನೆಗಳನ್ನು ಕಂಡವಳು. ಇನ್ನೊಬ್ಬ ಡೊಂಬಿವಲಿಯ ಹೋಟೆಲಿಲ್ಲದ ಶೆಟ್ಟಿ, ಚಹಾ ಚೆಲ್ಲಿಕೊಂಡವನು.